ಸೋಮವಾರದ ನಲವತ್ತು ನಿಮಿಷ

ಸಾವಿರ ಗಂಟೆಗಳ ಪರೀಕ್ಷೆ ಮುಗಿದಾಗ ಮಲ್ಲಿಕಾಳ ಇಂಧನ ಕೋಶವು ತನ್ನ ವೋಲ್ಟೇಜಿನಲ್ಲಿ ಶೇಕಡಾ ಮೂರನ್ನು ಮಾತ್ರ ಕಳೆದುಕೊಂಡಿತ್ತು. ಪಕ್ಕದ ಯಂತ್ರದಲ್ಲಿ ಅದೇ ಸಾವಿರ ಗಂಟೆ ಓಡಿದ ಸಾದಾ ಕೋಶವು ಶೇಕಡಾ ಒಂಬತ್ತನ್ನು ಕಳೆದುಕೊಂಡಿತ್ತು. ಎರಡರ ನಡುವೆ ಇದ್ದ ವ್ಯತ್ಯಾಸ ಒಂದೇ: ಹೈಡ್ರೋಜನ್ನನ್ನೂ ಗಾಳಿಯನ್ನೂ ಬೇರ್ಪಡಿಸುವ ಪೊರೆಯ ಮೇಲೆ ಮಲ್ಲಿಕಾ ಮೂರು ವರ್ಷಗಳಿಂದ ತಿದ್ದುತ್ತ ಬಂದಿದ್ದ ತೆಳುವಾದ ಲೇಪ. ಹಾಗೆಂದು ಅವಳು ನಂಬಿದ್ದಳು.

ನವಿ ಮುಂಬಯಿಯ ಖಾರಘರದಲ್ಲಿದ್ದ ಅವಳ ಕಾಲೇಜಿನ ಪರಿಶೀಲನಾ ಸಮಿತಿ ಶುಕ್ರವಾರ ಸೇರಲಿತ್ತು. ಲೇಪದಿಂದ ಕೋಶದ ಬಾಳಿಕೆ ಹೆಚ್ಚುತ್ತದೆ ಎಂದು ತೋರಿಸಿದರೆ ಅವಳ ಪಿಎಚ್‌ಡಿ ಇನ್ನೆರಡು ವರ್ಷ ಮುಂದುವರಿಯುತ್ತಿತ್ತು. ತೋರಿಸಲಾಗದಿದ್ದರೆ ನೋಂದಣಿ ರದ್ದಾಗುತ್ತಿತ್ತು. ದಿವಾದಿಂದ ಠಾಣೆಗೆ, ಠಾಣೆಯಿಂದ ಖಾರಘರಕ್ಕೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದ ಮೂರು ವರ್ಷಗಳು ಈ ಒಂದು ಗ್ರಾಫಿನಲ್ಲಿದ್ದವು.

ಮಂಗಳವಾರ ಆ ಗ್ರಾಫನ್ನು ಅವಳ ಮಾರ್ಗದರ್ಶಕಿ ಹರಿಣಾಕ್ಷಿ ನೋಡಿದರು. ಠಾಣೆಯ ನೌಪಾಡಾದಲ್ಲಿದ್ದ ತಮ್ಮ ತಂದೆಯ ಹೋಟೆಲಿನ ಮೇಲಿನ ಕೋಣೆಯಲ್ಲಿ ಓದಿ ಬೆಳೆದ ಅವರು ಉಡುಪಿಯ ಮಾತನ್ನು ಬಿಟ್ಟಿರಲಿಲ್ಲ.

"ಇದೆಂತ ಮಾರಾಯ್ತಿ, ಗೆರೆ ಮೆಟ್ಟಿಲು ಮೆಟ್ಟಿಲು ಕಾಣ್ತದೆ? ಇಳೀತಾ ಇಳೀತಾ ಒಂದು ಕಡೆ ಟಪ್ಪಂತ ಹತ್ತುತ್ತದೆ."

"ನಾಯ್ಸ್ ಇರಬಹುದು, ಮೇಡಂ. ಅಳತೆಯ ಸಣ್ಣ ಏರುಪೇರು."

"ನಾಯ್ಸಿಗೆ ಇಷ್ಟು ಶಿಸ್ತು ಉಂಟಾ? ಅಳೆದು ನೋಡು."

ಮಲ್ಲಿಕಾ ಅಳೆದಳು. ಮೆಟ್ಟಿಲುಗಳು ಆರು. ಒಂದರಿಂದ ಇನ್ನೊಂದಕ್ಕೆ ನೂರ ಅರವತ್ತೇಳು ಗಂಟೆ ಇಪ್ಪತ್ತು ನಿಮಿಷ. ವಾರಕ್ಕೆ ಇರುವುದು ನೂರ ಅರವತ್ತೆಂಟು ಗಂಟೆ. ಅಂದರೆ ಪ್ರತಿ ವಾರವೂ ನಲವತ್ತು ನಿಮಿಷ ಕಾಣೆಯಾಗಿತ್ತು.

ಆ ನಿಮಿಷಗಳನ್ನು ಅಳಿಸಿದವಳು ಅವಳೇ. ವಿದ್ಯುತ್ ಹೋಗಿ ಜನರೇಟರ್ ಹೊತ್ತಿಕೊಳ್ಳುವ ಕೆಲವು ಸೆಕೆಂಡುಗಳಲ್ಲಿ ದಾಖಲಾಗುವ ಸೊನ್ನೆಗಳು ಗ್ರಾಫನ್ನು ಕೆಡಿಸುತ್ತಿದ್ದುದರಿಂದ, ಸೊನ್ನೆಯ ಸಾಲುಗಳನ್ನೆಲ್ಲ ತಾನಾಗಿ ತೆಗೆದುಹಾಕಿ ಉಳಿದವನ್ನು ಒಂದಕ್ಕೊಂದು ಜೋಡಿಸುವ ಪ್ರೋಗ್ರಾಮನ್ನು ಮೊದಲ ವರ್ಷವೇ ಬರೆದಿದ್ದಳು. ಅಚ್ಚುಕಟ್ಟಾದ ಪ್ರೋಗ್ರಾಮು. ಮೂಲ ದಾಖಲೆಯನ್ನು ತೆರೆದಾಗ ಆರು ಸೋಮವಾರಗಳಂದು, ಬೆಳಿಗ್ಗೆ ಆರೂ ಇಪ್ಪತ್ತರಿಂದ ಏಳರವರೆಗೆ, ಸೊನ್ನೆಗಳು ಸಾಲಾಗಿ ನಿಂತಿದ್ದವು.

ಆ ಹೊತ್ತಿನಲ್ಲಿ ಪ್ರಯೋಗಾಲಯದಲ್ಲಿ ಇರುತ್ತಿದ್ದವರು ಅಟೆಂಡೆಂಟ್ ಮಾಪಣ್ಣ ಒಬ್ಬರೇ. ಕಲಬುರಗಿ ಕಡೆಯವರು, ಇಲ್ಲಿಗೆ ಬರುವ ಮುನ್ನ ಹದಿನೆಂಟು ವರ್ಷ ಹಮಾಲಿ ಮಾಡಿದ್ದವರು.

"ಕಾಕಾ, ಸೋಮವಾರ ಮುಂಜಾನೆ ನನ್ನ ಮಷೀನ್ ಬಂದ್ ಮಾಡ್ತೀರೇನು?"

"ಹೂಂ. ಮತ್ತ? ಸೋಮವಾರ ಬಸವಣ್ಣನ ವಾರ, ಎತ್ತಿಗಿ ನೊಗ ಹಾಕಂಗಿಲ್ಲಲ್ಲವ್ವಾ. ಹಗಲೂ ರಾತ್ರಿ ದುಡೀತದ ಪಾಪ. ಇಡೀ ದಿನ ಬಿಟ್ರ ಮೇಡಂ ನನ್ನ ಬಿಡಂಗಿಲ್ಲ. ಅದಕ್ಕ ನಲ್ವತ್ತು ಮಿನಿಟ್."

"ಬಂದ್ ಮಾಡಂತ ಯಾರು ಹೇಳಿದ್ರು?"

"ಹ್ಯಾಂಗ ಮಾಡೋದಂತ ನೀನೇ ಬರ್ದು ಅಂಟಿಸೀದಿ." ಮಾಪಣ್ಣ ಯಂತ್ರದ ಮೇಲಿನ ಹಾಳೆಯನ್ನು ತೋರಿಸಿದರು. ಅವರಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ ಎಂದು ಅವಳು ಕನ್ನಡದಲ್ಲೇ ಬರೆದಿದ್ದಳು. "ಮೊದಲ ಲೋಡ್, ಆಮ್ಯಾಲ ಗಾಳಿ, ಹೈಡ್ರೋಜನ್ ಮುಟ್ಟಬಾರ್ದು. ಒಂದು ಸಲಾನೂ ತಪ್ಪಿಲ್ಲ ನೋಡು."

"ಅದು ಕೋಶದಾಗ ನೀರು ತುಂಬಿದ್ರ ಮಾಡ್ರಿ ಅಂತ ಬರ್ದಿದ್ದು, ಕಾಕಾ!"

"ನೀರು ತುಂಬಿದ್ರ ನಿಲ್ಲಸ್ತೀ, ದಣಿದ್ರ ನಿಲ್ಲಸಂಗಿಲ್ಲಾ?"

ಮಲ್ಲಿಕಾ ಪಕ್ಕದ ಹಳೆಯ, ಕಪ್ಪು ಬಣ್ಣದ ಯಂತ್ರವನ್ನು ನೋಡಿದಳು. ಸಾದಾ ಕೋಶದ ದಾಖಲೆಯಲ್ಲಿ ಅಂಥ ಸೊನ್ನೆಗಳಿರಲಿಲ್ಲ.

"ಮತ್ತ ಅದಕ್ಕ ಯಾಕ ರಜಾ ಇಲ್ಲ?"

"ಅದಕ್ಕಾ? ಕರ್ರಗದ. ಕೋಣ ಅದು. ಕೋಣಕ್ಕೆಲ್ಲಿ ಸೋಮವಾರ?"

ಅವಳಿಗೆ ನಗು ಬಂತು, ನಗಲಿಲ್ಲ. ಬಿಡುವಿಲ್ಲದೆ ಓಡುವ ಕೋಶದಲ್ಲಿ ಪ್ಲಾಟಿನಂ ಕಣಗಳ ಮೇಲೆ ಆಕ್ಸೈಡಿನ ಪದರ ಕೂರುತ್ತದೆ. ಲೋಡನ್ನು, ಅಂದರೆ ಕೋಶದಿಂದ ವಿದ್ಯುತ್ ಸೆಳೆಯುವ ಹೊರೆಯನ್ನು, ತೆಗೆದು ಗಾಳಿಯನ್ನು ನಿಲ್ಲಿಸಿದರೆ, ಉಳಿದ ಹೈಡ್ರೋಜನ್ ಆ ಪದರವನ್ನು ಕಳಚುತ್ತದೆ. ಕೋಶ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಇದು ಹೊಸ ಸಂಗತಿಯಲ್ಲ. ಅವಳಿಗೆ ಗೊತ್ತಿಲ್ಲದ್ದು ಒಂದೇ: ಒಂಬತ್ತಕ್ಕೂ ಮೂರಕ್ಕೂ ನಡುವಿನ ಆರು ಅಂಶಗಳಲ್ಲಿ ಲೇಪದ ಪಾಲೆಷ್ಟು, ಸೋಮವಾರದ ಪಾಲೆಷ್ಟು.

ಹರಿಣಾಕ್ಷಿ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾಪಣ್ಣನಿಗೆ ನಾನು ಆಮೇಲೆ ಹೇಳ್ತೇನೆ. ನೀನು ಈಗ ಎಂತ ಮಾಡ್ತಿ?"

"ಮೂಲ ದಾಖಲೆ ಯಾರೂ ಕೇಳಲಿಕ್ಕಿಲ್ಲ, ಮೇಡಂ."

"ಕೇಳಲಿಕ್ಕಿಲ್ಲ. ಅದು ನನಗೂ ಗೊತ್ತುಂಟು."

ಗುರುವಾರ ಸಂಜೆ ಮಲ್ಲಿಕಾ ತನ್ನ ಪ್ರೋಗ್ರಾಮಿನಿಂದ ಸೊನ್ನೆಗಳನ್ನು ಅಳಿಸುವ ಆ ಒಂದು ಆದೇಶವನ್ನು ತೆಗೆದು ಗ್ರಾಫನ್ನು ಮತ್ತೆ ಎಳೆದಳು. ಆರು ಕಡೆ ಗೆರೆ ತುಂಡಾಗಿತ್ತು. ಅದನ್ನೇ ಮೊದಲ ಸ್ಲೈಡಾಗಿ ಇಟ್ಟಳು.

"ಅಂದರೆ ಲೇಪ ಕೆಲಸ ಮಾಡಿದೆಯೋ, ಇಲ್ಲವೋ?" ಎಂದು ಸಮಿತಿಯ ಹಿರಿಯರು ಕೇಳಿದರು.

"ಗೊತ್ತಿಲ್ಲ, ಸರ್. ಗೊತ್ತಿದೆ ಎಂದುಕೊಂಡಿದ್ದೆ."

ಎರಡು ವರ್ಷದ ಬದಲು ಮೂರು ತಿಂಗಳು ಸಿಕ್ಕಿತು. ಅಷ್ಟರೊಳಗೆ ಉತ್ತರ ಬೇಕು.

ಮಲ್ಲಿಕಾ ಎರಡು ಹೊಸ ಕೋಶಗಳನ್ನು ಜೋಡಿಸಿದಳು: ಒಂದಕ್ಕೆ ಲೇಪ, ಇನ್ನೊಂದು ಸಾದಾ. ಹಳೆಯ ಹಾಳೆಯನ್ನು ಕಿತ್ತು ಎರಡೂ ಯಂತ್ರಗಳ ಮೇಲೆ ಹೊಸದನ್ನು ಅಂಟಿಸಿದಳು.

"ಕಾಕಾ, ಈ ಸಲ ಕೋಣಕ್ಕೂ ಸೋಮವಾರ."

"ಇದ್ಯಾವ ಶಾಸ್ತ್ರದಾಗದವ್ವಾ?"

"ನಮ್ಮದ್ರಾಗ. ಗಡಿಯಾರ ನೋಡಿ ಮಾಡ್ರಿ. ಒಂದು ಮಿನಿಟ್ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಮೇಡಂ ಬೈದು ಬೈದು ಗಡಿಯಾರ ನೋಡೋದು ಕಲಿಸ್ಯಾರ ಬಿಡು."

ಆರು ವಾರಗಳ ಬಳಿಕ ಲೇಪವಿದ್ದ ಕೋಶ ಶೇಕಡಾ ಮೂರು ದಶಾಂಶ ಒಂದನ್ನೂ, ಸಾದಾ ಕೋಶ ಮೂರು ದಶಾಂಶ ನಾಲ್ಕನ್ನೂ ಕಳೆದುಕೊಂಡಿದ್ದವು. ಅಳತೆಯ ದೋಷವೇ ಅರ್ಧ ಅಂಶದಷ್ಟಿತ್ತು. ಮೂರು ವರ್ಷದ ಲೇಪದಿಂದ ಅಳೆಯಬಹುದಾದ ಪ್ರಯೋಜನ ಯಾವುದೂ ಇರಲಿಲ್ಲ. ಮಲ್ಲಿಕಾ ಆ ಸಂಖ್ಯೆಗಳನ್ನು ಎರಡು ಸಲ ಪರಿಶೀಲಿಸಿ, ಸಹಿ ಹಾಕಿ, ಪ್ರಬಂಧದ ಶೀರ್ಷಿಕೆಯಲ್ಲಿದ್ದ 'ಲೇಪ' ಎಂಬ ಪದವನ್ನು ಹೊಡೆದುಹಾಕಿ 'ನಿಯತ ವಿರಾಮ' ಎಂದು ಬರೆದಳು. ಸಮಿತಿ ಹೊಸ ಶೀರ್ಷಿಕೆಗೆ ಎರಡು ವರ್ಷ ಕೊಟ್ಟಿತು.

ಮುಂದಿನ ಪ್ರಶ್ನೆ ನಲವತ್ತು ನಿಮಿಷ ನಿಜವಾಗಿಯೂ ಬೇಕೇ ಎಂಬುದು. ಹೊಸ ಹಾಳೆಯಲ್ಲಿ ಒಂದು ಯಂತ್ರಕ್ಕೆ ಇಪ್ಪತ್ತು ಎಂದು ಬರೆದಿದ್ದನ್ನು ಮಾಪಣ್ಣ ಬೆರಳಿಟ್ಟು ಓದಿದರು.

"ಇಪ್ಪತ್ತು ಮಿನಿಟಿನಾಗ ಎತ್ತು ಮೈ ಸೈತ ಕೊಡವಂಗಿಲ್ಲವ್ವಾ."

"ಅದನ್ನೇ ಅಳೀಬೇಕಾಗ್ಯಾದ, ಕಾಕಾ," ಎಂದು ಮಲ್ಲಿಕಾ ಲೋಡ್ ಹಾಕಿದಳು.