ಬೆಳೆಯುವ ನೀರಿಗೆ ಎರಡಿಂಚು

ಅಳತೆ ಬಲ್ಲವರು ಮಾತು ತಪ್ಪುವುದಿಲ್ಲವೆಂದು ಜನ ನಂಬಿಕೊಂಡಿದ್ದ ಕಾಲವೊಂದಿತ್ತಂತೆ. ಆ ಕಾಲದಲ್ಲಿ ಒಂದು ತೊರೆ, ತೊರೆಗೊಂದು ಬೀದಿ, ಬೀದಿಗೊಬ್ಬಳು ದರ್ಜಿ. ಅರಸ ಅವಳನ್ನು ಕರೆಸಿ, "ಈ ತೊರೆಗೊಂದು ಅಂಗಿ ಹೊಲಿ" ಅಂದನಂತೆ. ಅವಳು ದಿನಾ ಬೆಳಿಗ್ಗೆ ಹೋಗಿ ಅಳೆದಳು. ಇವತ್ತಿನ ಅಳತೆ ನಾಳೆಗಿಲ್ಲ. ಮೈ ಕೊಟ್ಟು ನಿಲ್ಲದವರಿಗೆ ಅಂಗಿ ಹೊಲಿಯುವುದು ಹೇಗೆ? ಆಮೇಲೇನಾಯಿತೋ ಯಾರಿಗೂ ಗೊತ್ತಿಲ್ಲ. ಕತೆ ಹೇಳುತ್ತಿದ್ದ ಅಜ್ಜಿ ಪ್ರತಿ ಸಲವೂ ಸರಿಯಾಗಿ ಅಲ್ಲಿಗೆ ಬಂದು ನಿದ್ದೆ ಹೋಗಿಬಿಡುತ್ತಿದ್ದಳು.

ಆ ಅಜ್ಜಿಯ ಮೊಮ್ಮಗಳೂ ದರ್ಜಿಯೇ ಆದಳು. ತೊರೆಯ ಮಗ್ಗುಲಿನ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಕೊರಳಲ್ಲಿ ಸದಾ ಟೇಪು ಜೋತಾಡುತ್ತಿದ್ದುದರಿಂದ ಎಲ್ಲರಿಗೂ ಅವಳು ಟೇಪಕ್ಕ. ಅಜ್ಜಿ ಅವಳಿಗೆ ಕತೆಯ ಕೊನೆಯನ್ನು ಕಲಿಸದಿದ್ದರೂ ಕಸುಬನ್ನು ಪೂರ್ತಿ ಕಲಿಸಿದ್ದಳು. ಅದರಲ್ಲೊಂದು ಪಾಠ ಹೀಗಿತ್ತು: ಪುಸ್ತಕದಲ್ಲಿ ಮೈಯ ಅಳತೆ ಬರೆಯಬಾರದು, ಬಟ್ಟೆಯ ಅಳತೆ ಬರೆಯಬೇಕು. ಹೊಲಿಗೆಯೊಳಗೆ ಬಿಡುವ ಹೆಚ್ಚಿನ ಬಟ್ಟೆಯೇ ಮಾರ್ಜಿನ್: ಬೆಳೆದು ನಿಂತವರಿಗೆ ಅರ್ಧ ಇಂಚು, ಬೆಳೆಯುವ ಮಕ್ಕಳಿಗೆ ಎರಡಿಂಚು. ಎರಡಿಂಚು ಸೇರಿಸಿದ ಅಂಕಿಯ ಪಕ್ಕ ಒಂದು ಸಣ್ಣ ಚುಕ್ಕಿ. ಟೇಪಕ್ಕನ ಕೈಗೆ ಇದು ಎಷ್ಟು ಒಗ್ಗಿಹೋಗಿತ್ತೆಂದರೆ, ಹಾಗೆ ಮಾಡುತ್ತಿದ್ದೇನೆಂಬುದೇ ಅವಳಿಗೆ ಮರೆತುಹೋಗಿತ್ತು.

ಏಳು ವರ್ಷದ ಹಿಂದೆ ಒಬ್ಬಳು ಸಣಕಲು ಹುಡುಗಿ ಹರಿದ ಜೇಬು ಹಿಡಿದುಕೊಂಡು ಅಂಗಡಿಗೆ ಬಂದಿದ್ದಳು.

"ಜೇಬಲ್ಲಿ ಕಲ್ಲು ಹೊರ್ತೀಯೇನೇ?" ಎಂದಳು ಟೇಪಕ್ಕ.

"ಶೀಸೆ ಅಕ್ಕ. ನೀರಿನ ಶೀಸೆ. ನಾನು ತೊರೆಗಳ ಬಗ್ಗೆ ಸಂಶೋಧನೆ ಮಾಡ್ತಿದೀನಿ."

"ತೊರೆ ಅಲ್ಲೇ ಇದೆಯಲ್ಲ. ಅದರಲ್ಲಿ ಶೋಧಿಸೋಕೆ ಏನಿದೆ?"

ಹುಡುಗಿ ಸ್ಟೂಲಿನ ಮೇಲೆ ಕೂತು ಹೇಳಿದಳು. ಊರಲ್ಲಿ ನಲವತ್ತು ತೊರೆಗಳಿವೆ. ಯಾವುದಕ್ಕೆ ನೆಲದೊಳಗಿನ ಸ್ವಂತ ನೀರಿದೆ, ಯಾವುದರಲ್ಲಿ ಬರೀ ಮೇಲಿನ ಬೀದಿಗಳ ಬಚ್ಚಲ ನೀರು ಹರಿಯುತ್ತಿದೆ ಎಂಬುದು ತಿಳಿಯಬೇಕು. ಸ್ವಂತ ನೀರಿದ್ದದ್ದನ್ನು ಉಳಿಸಬಹುದು. ಅದಕ್ಕೆ ದಿನಾ ಮುಂಜಾನೆ, ಯಾರ ಮನೆಯ ನಲ್ಲಿಯೂ ತಿರುಗುವ ಮೊದಲು, ನೀರಿನ ಆಳ ಅಳೆಯಬೇಕು.

"ನಾವಿರೋದು ನಾಲ್ಕು ಜನ. ನಲವತ್ತು ಕಡೆ ಹೇಗೆ ಅಳೆಯೋದು? ತೊರೆ ಪಕ್ಕ ಇರೋರು ನೀವು. ನೀವು ಅಳೀರಿ, ನಾವು ಲೆಕ್ಕ ಹಾಕ್ತೀವಿ. ಉತ್ತರ ಸಿಕ್ಕಿದ ದಿನ ನಾನೇ ಬಂದು, ತೊರೆ ಮೆಟ್ಟಿಲ ಮೇಲೆ ನಿಂತು, ಇಡೀ ಬೀದಿಗೆ ಕೇಳೋ ಹಾಗೆ ಓದಿ ಹೇಳ್ತೀನಿ. ಖಂಡಿತ ಅಕ್ಕ."

"ಹಾಗಾದ್ರೆ ನಾನೂ ಒಂದು ಮಾತು ಕೊಡ್ತೀನಿ. ನಿನಗೆ ಎಂಟು ಜೇಬಿನ ಕೋಟು ಹೊಲಿದಿಡ್ತೀನಿ. ಹರೀದೇ ಇರೋ ಜೇಬು."

ಬೀದಿಯಲ್ಲಿ ಇಬ್ಬರು ನೀರಿನ ಅಳತೆ ಬರೆಯುವ ಪುಸ್ತಕ ತೆಗೆದುಕೊಂಡರು. ಒಬ್ಬಳು ಟೇಪಕ್ಕ. ಇನ್ನೊಬ್ಬ ಎದುರಿನ ಸೈಕಲ್ ರಿಪೇರಿಯವನು. ಅವನು ಟೇಪಕ್ಕನ ಅಕ್ಕನ ಗಂಡ. ನಾದಿನಿ ಕೂಗಿ ಕೂಗಿ ಇಡೀ ಬೀದಿಗೇ ಅವನು ಭಾವನಾಗಿಬಿಟ್ಟಿದ್ದ.

ಆ ಒಂದು ವರ್ಷ ನೀರಿನ ಹುಡುಗಿ ವಾರಕ್ಕೆರಡು ಸಲ ಬರುತ್ತಿದ್ದಳು. ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚಲು ಕಲಿತಳು, ಬೆರಳಿಗೆ ಸೂಜಿ ಚುಚ್ಚಿಕೊಂಡು ಕಿರುಚಿದಳು, ಅಜ್ಜಿಯ ಅರ್ಧ ಕತೆ ಕೇಳಿ, "ಆಮೇಲೆ?" ಎಂದು ಪೀಡಿಸಿದಳು. ವರ್ಷ ತುಂಬಿದ ದಿನ ಎರಡೂ ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋದಳು. ಹೋದವಳು ಹೋದಳು. ಅವಳನ್ನು ದೂರದ ಇನ್ನೊಂದು ಊರಿಗೆ ಕಳಿಸಿದರೆಂದು ಆಮೇಲೆ ಯಾರೋ ಹೇಳಿದರು.

ಟೇಪಕ್ಕ ಅಳೆಯುವುದನ್ನು ಬಿಡಲಿಲ್ಲ. ಮುಂಜಾನೆ ಮೆಟ್ಟಿಲಿಳಿದು, ನಿನ್ನೆ ನೀರಿನ ಅಂಚಿಗೆ ಎಳೆದಿದ್ದ ಸೀಮೆಸುಣ್ಣದ ಗೆರೆ ನೋಡುವಳು. ಗೆರೆ ಇದ್ದರೆ ನೀರು ಬೆಳೆದಿಲ್ಲ. ಗೆರೆ ಕರಗಿದ್ದರೆ ನೀರು ಬೆಳೆದಿದೆ, ಟೇಪಿನ ಕಣ್ಣಿಗೆ ಬೀಳದಷ್ಟೇ ಬೆಳೆದಿದ್ದರೂ. ಆಮೇಲೆ ಟೇಪು ಇಳಿಬಿಟ್ಟು ಅಳತೆ ಬರೆದು, ಹೊಸ ಗೆರೆ ಎಳೆದು ಮೇಲೆ ಬರುವಳು.

"ಯಾರು ಕೇಳಿದ್ರು ಅಂತ ಅಳೀತೀಯೇ?" ಭಾವ ಟ್ಯೂಬಿಗೆ ಗಾಳಿ ಹೊಡೆಯುತ್ತ ಛೇಡಿಸುತ್ತಿದ್ದ. "ಆ ಹುಡುಗಿ ನಿನ್ನ ಮರೆತು ಯಾವ ಕಾಲ ಆಯ್ತೋ. ನೀರಲ್ಲಿ ಹೋಮ ಮಾಡೋದು ಅಂದ್ರೆ ಇದೇ ನೋಡು."

"ಅಳತೆ ತಗೊಂಡ ಮೇಲೆ ಬಟ್ಟೆ ಕೈಗೆ ಕೊಡೋವರೆಗೂ ಗಿರಾಕಿ ನಮ್ಮೋರೇ ಭಾವ. ನಿಮಗೇನು ಗೊತ್ತು, ಪಂಕ್ಚರ್ ಹಾಕಿ ಸಾಗಹಾಕೋರು ನೀವು."

ಬಾಯಿ ಹಾಗೆನ್ನುತ್ತಿತ್ತು. ಆದರೆ ಬಾಗಿಲ ಬಳಿ ಶೀಸೆಗಳು ತಗಲಿದ ಸದ್ದಾದರೆ ಸಾಕು, ಮಿಷನ್ನಿನ ಮೇಲಿದ್ದ ಕಾಲು ತಾನಾಗಿ ನಿಲ್ಲುತ್ತಿತ್ತು. ನೋಡಿದರೆ ಹಾಲಿನವನು. ಎಂಟು ಜೇಬಿನ ಕೋಟು ಮೊದಲ ವರ್ಷವೇ ಸಿದ್ಧವಾಗಿ ಬಾಗಿಲ ಹಿಂದಿನ ಗೂಟಕ್ಕೆ ನೇತುಬಿದ್ದಿತ್ತು. ವಾರಕ್ಕೊಮ್ಮೆ ಅವಳು ಅದರ ಧೂಳು ಕೊಡವುವಳು. ಭುಜವನ್ನು ಸರಿಮಾಡುವಾಗ ಒಳಗೆ ಯಾರೋ ಇದ್ದಂತೆ ಮೆತ್ತಗೆ ಮುಟ್ಟುವಳು. ಕೊಟ್ಟ ಮಾತಿನಲ್ಲಿ ತನ್ನ ಪಾಲು ಮುಗಿದಿತ್ತು. ಇನ್ನೊಂದು ಪಾಲು ಎಲ್ಲೋ ದೂರದಲ್ಲಿ ಯಾವ ಮೇಜಿನ ಮೇಲೆ ಮಲಗಿದೆಯೋ. ತೊರೆಗೆ ಸ್ವಂತ ನೀರಿದೆಯೋ ಇಲ್ಲವೋ? ಏಳು ವರ್ಷ ಕೈಯಾರೆ ಮುಟ್ಟಿ ನೋಡಿದ್ದರ ಗುಟ್ಟು ತನಗೇ ಗೊತ್ತಿಲ್ಲವೆಂಬುದು ಅವಳನ್ನು ಒಳಗೊಳಗೇ ಜಗ್ಗುತ್ತಿತ್ತು.

ಏಳನೆಯ ವರ್ಷ ಎಲೆ ಉದುರುವ ಕಾಲದಲ್ಲಿ ನಗರ ಕಚೇರಿಯವರು ಬೀದಿಯ ಕಂಬಕ್ಕೆ ಒಂದು ನೋಟೀಸು ಅಂಟಿಸಿದರು. ತೊರೆಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿ ರಸ್ತೆ ಅಗಲ ಮಾಡುತ್ತಾರಂತೆ. ಮರುವಾರವೇ, ಒಂದು ಮಧ್ಯಾಹ್ನ, ಬಾಗಿಲ ಬಳಿ ಶೀಸೆಗಳ ಸದ್ದಾಯಿತು. ಟೇಪಕ್ಕ ತಲೆ ಎತ್ತಲಿಲ್ಲ. ಹಾಲಿನವನಿರಬೇಕು.

"ಅಕ್ಕ."

ಹುಡುಗಿ ಮೈ ತುಂಬಿಕೊಂಡಿದ್ದಳು. ಕಣ್ಣಿಗೆ ಕನ್ನಡಕ ಬಂದಿತ್ತು. ಕೈಯಲ್ಲೊಂದು ಫೈಲು. ಒಳಗೆ ಬಂದು ಅದೇ ಸ್ಟೂಲಿನ ಮೇಲೆ ಕೂತಳು, ಆದರೆ ಅಂಚಿಗೆ.

"ಉತ್ತರ ತಂದಿದೀನಿ ಅಕ್ಕ. ಆದ್ರೆ ಒಳ್ಳೆ ಉತ್ತರ ಅಲ್ಲ. ಇದು ಮೋರಿ ಅಂತ ನಮ್ಮೋರು ಬರೆದಿದಾರೆ. ಸ್ವಂತ ನೀರಿಲ್ಲ, ಎಲ್ಲೋ ಕಟ್ಟಿ ನಿಂತ ಕೊಳೆ ನೀರು ಅಂತ. ಆ ವರದಿ ನೋಡಿಯೇ ಚಪ್ಪಡಿ ಹಾಕ್ತಿರೋದು."

ಟೇಪಕ್ಕನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. "ನನ್ನ ಪುಸ್ತಕದಲ್ಲಿ ಹಾಗಿತ್ತಾ?"

ಹುಡುಗಿ ನೆಲ ನೋಡಿದಳು. "ನಿಮ್ಮದನ್ನ ಪಕ್ಕಕ್ಕಿಟ್ಟುಬಿಟ್ರು. ನಾನು ಆಗ ಇರಲಿಲ್ಲ ಅಕ್ಕ. ಈಗ ತಿಂಗಳ ಹಿಂದೆ ವರದಿ ಓದಿದಾಗಲೇ ನನಗೂ ಗೊತ್ತಾಗಿದ್ದು. ಮಳೆ ಇಲ್ಲದ ದಿನ ನಿಮ್ಮ ಅಂಕಿ ಇದ್ದಕ್ಕಿದ್ದ ಹಾಗೆ ಒಂದೂವರೆ ಇಂಚು ಮೇಲೆ ಹಾರುತ್ತೆ, ಎರಡು ದಿನ ಬಿಟ್ಟು ಧೊಪ್ಪಂತ ಬೀಳುತ್ತೆ. ನೀರು ಹಾಗೆ ಮಾಡಲ್ಲ, ನಂಬೋಕಾಗಲ್ಲ ಅಂದ್ರು. ಭಾವನ ಪುಸ್ತಕ ಇಟ್ಕೊಂಡ್ರು. ಅವರದು ಒಂದೇ ಸಮ ಇತ್ತು, ಅದಕ್ಕೇ ಕಟ್ಟಿ ನಿಂತ ನೀರು ಅಂದ್ಕೊಂಡ್ರು."

ಏಳು ವರ್ಷದ ಮುಂಜಾವುಗಳೆಲ್ಲ ಒಮ್ಮೆಲೇ ಟೇಪಕ್ಕನ ಮೈಮೇಲೆ ಬಂದಂತಾಯಿತು. ಬೈಯೋಣವೆಂದರೆ ಯಾರನ್ನು? ಕಡೆಗೆ ಎದ್ದು, ಗೂಟದಿಂದ ಕೋಟು ತೆಗೆದಳು.

"ಹಾಕ್ಕೋ. ನನ್ನ ಮಾತು ನಾನು ಉಳಿಸ್ಕೊಂಡಿದೀನಿ."

ಹುಡುಗಿ ಕಣ್ಣು ತುಂಬಿಕೊಂಡು ತೋಳು ತೂರಿಸಿದಳು. ಕೋಟು ಎದೆಯ ಬಳಿ ಕೂಡಿಕೊಳ್ಳಲಿಲ್ಲ.

"ಉಸಿರು ಬಿಡು."

"ಬಿಟ್ಟಿದೀನಿ ಅಕ್ಕ."

"ಇನ್ನೂ ಬಿಡು."

"ಇನ್ನು ಬಿಟ್ರೆ ಪ್ರಾಣ ಹೋಗುತ್ತೆ!"

ಇಬ್ಬರಿಗೂ ಬೇಡ ಬೇಡವೆಂದರೂ ನಗು ಬಂತು. ಟೇಪಕ್ಕ ಕೊರಳಿನ ಟೇಪು ಎಳೆದು ಹುಡುಗಿಯ ಎದೆಗೆ ಸುತ್ತಿದಳು, ಬಿಟ್ಟಳು, ಪುಸ್ತಕ ತೆಗೆದು ಬರೆದಳು. ಹುಡುಗಿ ಬಗ್ಗಿ ನೋಡಿದಳು.

"ಟೇಪಲ್ಲಿ ಮೂವತ್ತಾರಿತ್ತು. ನೀವು ಮೂವತ್ತೆಂಟು ಅಂತ ಬರೆದ್ರಲ್ಲ?"

"ಮಾರ್ಜಿನ್ ಬೇಡ್ವೇನೇ? ಬೆಳೆಯೋರಿಗೆ ಎರಡಿಂಚು."

"ನಾನೆಲ್ಲಿ ಬೆಳೀತೀನಿ ಇನ್ನು!"

"ನನ್ನ ಕಣ್ಣಿಗೆ ನೀನಿನ್ನೂ ಬೆಳೆಯೋಳೇ." ಟೇಪಕ್ಕ ಅಂಕಿಯ ಪಕ್ಕ ಚುಕ್ಕಿ ಇಟ್ಟಳು.

ಹುಡುಗಿ ಆ ಚುಕ್ಕಿಯನ್ನೇ ನೋಡುತ್ತ ನಿಂತುಬಿಟ್ಟಳು. ಗುಂಡಿ ಕೂಡದ ಕೋಟಿನಲ್ಲೇ ಫೈಲು ಬಿಚ್ಚಿ, ತಡಕಾಡಿ, ಹಳೆಯ ಪುಸ್ತಕವೊಂದನ್ನು ಹೊರಗೆಳೆದಳು. ಟೇಪಕ್ಕನದೇ, ಮೊದಲ ವರ್ಷದ್ದು. ಪುಟ ತಿರುವಿದಳು. ಹಾರಿದ ಪ್ರತಿ ಅಂಕಿಯ ಪಕ್ಕದಲ್ಲೂ ಚುಕ್ಕಿ.

"ಅಕ್ಕ," ಅವಳು ಚುಕ್ಕಿಯ ಮೇಲೆ ಬೆರಳಿಟ್ಟಳು, "ತೊರೆಗೂ ಬಿಡ್ತಿದ್ರಾ ಮಾರ್ಜಿನ್ನು?"

ಟೇಪಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಅಯ್ಯೋ ನನ್ನ ಕೈಯೇ! ಬಿಡ್ತಿದ್ದೆ ಕಣೇ! ನಿಂತಿದ್ರೆ ಅರ್ಧ. ಗೆರೆ ಕರಗಿ ಬೆಳೆಯೋ ಹಾಗೆ ಕಂಡ್ರೆ ಎರಡು. ಬರೀ ಮೈ ಅಳತೆ ಬರೆದು ಗೊತ್ತೇ ಇಲ್ವಲ್ಲ ನನಗೆ!"

"ಈ ಚುಕ್ಕೀನ ನಮ್ಮೋರು ನೊಣ ಕೂತ ಗುರುತು ಅಂದ್ಕೊಂಡ್ರು!"

"ನನ್ನ ಅಂಗಡೀಲಿ ನೊಣ? ಬರಲಿ ಇಲ್ಲಿಗೆ ಆ ನಿಮ್ಮೋರು!"

ಮುಂದಿನ ನಾಲ್ಕು ದಿನ ಅಂಗಡಿಯಲ್ಲಿ ಒಂದು ಅಂಗಿಯನ್ನೂ ಹೊಲಿಯಲಿಲ್ಲ. ಏಳೂ ಪುಸ್ತಕಗಳನ್ನು ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಇಬ್ಬರೂ ಮಾರ್ಜಿನ್ ಬಿಚ್ಚಿದರು. ಚುಕ್ಕಿಯಿದ್ದರೆ ಎರಡು ಕಳೆ, ಇಲ್ಲದಿದ್ದರೆ ಅರ್ಧ. ಟೇಪಕ್ಕ ಕಳೆದು ಹೇಳುವಳು, ಹುಡುಗಿ ಬರೆಯುವಳು. ಹಾರಾಡುತ್ತಿದ್ದ ಅಂಕಿಗಳು ಒಂದೊಂದಾಗಿ ಕೆಳಗಿಳಿದು, ಇಸ್ತ್ರಿ ಮಾಡಿದ ಬಟ್ಟೆಯಂತೆ ಸಪಾಟಾದವು. ಚುಕ್ಕಿಗಳು ಮಾತ್ರ ಉಳಿದವು. ಮೂರನೆಯ ದಿನ ಹುಡುಗಿ ಆ ಚುಕ್ಕಿಗಳ ದಿನಾಂಕಗಳನ್ನು ಬೇರೆ ಹಾಳೆಯಲ್ಲಿ ಸಾಲಾಗಿ ಬರೆದು, ಹಾಳೆಯನ್ನು ಟೇಪಕ್ಕನ ಮುಂದೆ ಸರಿಸಿದಳು.

"ಮಳೆಗಾಲದ್ದು ಬಿಡಿ. ಇಲ್ಲಿ ನೋಡಿ ಅಕ್ಕ. ಪ್ರತಿ ವರ್ಷವೂ ಎಲೆ ಉದುರೋ ತಿಂಗಳಲ್ಲಿ ಚುಕ್ಕಿಗಳ ಸಾಲಿದೆ. ಒಂದು ಹನಿ ಮಳೆಯಿಲ್ಲ, ಆದರೂ ನೀರು ಬೆಳೀತಿದೆ. ಎಲೆ ಉದುರಿದ ಮರ ನೀರು ಕುಡಿಯೋದು ಕಮ್ಮಿ. ಮರ ಕುಡಿಯದೆ ಬಿಟ್ಟಿದ್ದು ನೆಲದೊಳಗಿಂದ ತೊರೆಗೆ ಬರುತ್ತೆ. ಬಚ್ಚಲ ನೀರಿಗೆ ಮರದ ಎಲೆ ಉದುರಿದ್ದು ಗೊತ್ತಾಗಲ್ಲ." ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ನಮ್ಮ ಅಳತೆಗೋಲಿಗೆ ಸಿಗದ ಏರಿಕೆ ಇದು. ನಿಮ್ಮ ಸೀಮೆಸುಣ್ಣಕ್ಕೆ ಸಿಕ್ಕಿದೆ."

ಇನ್ನು ಉಳಿದದ್ದು ಹುಡುಗಿಯ ಫೈಲಿನಲ್ಲಿದ್ದ ಭಾವನ ಪುಸ್ತಕ. ಬೇಸಿಗೆಯುದ್ದಕ್ಕೂ ಹತ್ತು, ಮಳೆಗಾಲವಿಡೀ ಹದಿನೈದು. ಟೇಪಕ್ಕ ಅದನ್ನು ಹಿಡಿದು ರಸ್ತೆ ದಾಟಿದಳು.

"ಭಾವ, ಒಂದೇ ಪ್ರಶ್ನೆ. ಎಷ್ಟು ದಿನ ಅಳೆದ್ರಿ?"

ಭಾವ ಚಕ್ರದ ಕಡ್ಡಿಗಳನ್ನು ಎಣಿಸುವವನಂತೆ ನಟಿಸಿದ. "ಮೂರು."

"ತಿಂಗಳಾ?"

"ದಿನ. ಬೆಳಿಗ್ಗೆ ಚಳಿ ಕಣೇ! ನೀನು ಹೇಗೂ ಅಳೀತಿದ್ಯಲ್ಲ, ಅದಕ್ಕೆ..." ಅವನು ನಾದಿನಿಯ ಮುಖ ನೋಡಿ ನಿಲ್ಲಿಸಿದ. "ಅದರಿಂದ ಚಪ್ಪಡಿ ಬರುತ್ತೆ ಅಂತ ನನಗೇನು ಕನಸು ಬಿತ್ತಾ? ಒಂದೇ ಸಮ ಬರೆದ್ರೆ ಯಾರ ತಂಟೆಯೂ ಇರಲ್ಲ ಅಂದ್ಕೊಂಡೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನೀವು ಸುಳ್ಳು ಬರೆದ್ರಿ, ನನ್ನ ಪುಸ್ತಕ ಮೂಲೆಗೆ ಹೋಯ್ತು."

ಭಾವ ಚಕ್ರ ಕೆಳಗಿಟ್ಟ. "ಯಾರಿಗೆ ಹೇಳ್ಬೇಕು ಹೇಳು. ಹೇಳ್ತೀನಿ." ಹುಡುಗಿ ಕೊಟ್ಟ ಹಾಳೆಯ ಮೇಲೆ, ತಾನು ಅಳೆದದ್ದು ಮೂರೇ ದಿನವೆಂದು ಗ್ರೀಸಿನ ಕೈಯಲ್ಲೇ ಬರೆದು ಸಹಿ ಹಾಕಿದ.

ಹುಡುಗಿ ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋದಳು. ಹೋಗುವಾಗ ಟೇಪಕ್ಕ "ಯಾವಾಗ ಬರ್ತೀಯ?" ಎಂದು ಕೇಳಲಿಲ್ಲ. ಕೇಳಿ ಕಾಯುವುದು ಕೇಳದೆ ಕಾಯುವುದಕ್ಕಿಂತ ಕಷ್ಟವೆಂದು ಏಳು ವರ್ಷ ಅವಳಿಗೆ ಕಲಿಸಿತ್ತು. ಬೀದಿಯ ತುದಿಯಲ್ಲಿ ಆ ಬೆನ್ನು ತಿರುಗಿ ಮರೆಯಾಗುವವರೆಗೂ ನೋಡಿದಳು. ಆಮೇಲೆ ಕೋಟಿನ ಹೊಲಿಗೆ ಬಿಚ್ಚಿ ಅಗಲ ಮಾಡಲು ಕೂತಳು. ಹನ್ನೊಂದು ದಿನ ತೊರೆ ಅಳೆದು ಚುಕ್ಕಿ ಇಟ್ಟಳು. ಈಗ ಮೈಯ ಅಳತೆಯನ್ನೇ ಬರೆಯುತ್ತಿದ್ದಳು, ಚುಕ್ಕಿ ಮಾತ್ರ ಬಿಡಲಿಲ್ಲ. ಸಂಜೆ ಸ್ಟೂಲನ್ನು ಒಳಗೆತ್ತಿಡುವಾಗ ಅದು ಯಾಕೋ ಮೊದಲಿಗಿಂತ ಹಗುರವೆನಿಸುತ್ತಿತ್ತು.

ಹನ್ನೆರಡನೆಯ ಮುಂಜಾನೆ ಅವಳು ಮೆಟ್ಟಿಲಿಳಿದಾಗ ಕೆಳಗಿನ ಮೆಟ್ಟಿಲ ಮೇಲೆ ಹುಡುಗಿ ಆಗಲೇ ಕೂತಿದ್ದಳು.

"ಗೆರೆ ನೋಡಿದೆ. ಆದ್ರೆ ಮುಟ್ಟಿಲ್ಲ ಅಕ್ಕ. ಅದು ನಿಮ್ಮ ಕೆಲಸ."

ಟೇಪಕ್ಕ ಟೇಪು ಇಳಿಬಿಟ್ಟು ಅಳೆದಳು. ಅಳತೆ ಹೇಳಿದಳು, ಹುಡುಗಿ ಹಾಳೆಯ ಕೊನೆಯಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ಭಾವ ಮನೆಮನೆಯ ಬಾಗಿಲು ತಟ್ಟಿ ಬೀದಿಯನ್ನೆಲ್ಲ ಎಬ್ಬಿಸಿ ತಂದಿದ್ದ. ಮುಖ ತೊಳೆಯದವರು, ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡವರು, ಕಂಕುಳಲ್ಲಿ ಕೂಸು ಹೊತ್ತವರು. "ನಲ್ಲಿ ತಿರುಗಿಸಬೇಡಿ, ಮೊದಲು ಕೇಳಿ!" ಎಂದು ಅವನು ಕೂಗುತ್ತಿದ್ದ. "ಮೂರು ದಿನದ ವಿಜ್ಞಾನಿ ಬಂದ ನೋಡು," ಎಂದು ಯಾರೋ ಅಂದರು. ಅವನು ಕೇಳಿಸದವನಂತೆ ಕಿವಿ ಕೆರೆದುಕೊಂಡ.

ಟೇಪಕ್ಕ ಅಂಗಡಿಯಿಂದ ತಂದುಕೊಟ್ಟ ಎಂಟು ಜೇಬಿನ ಕೋಟನ್ನು ಹುಡುಗಿ ಹಾಕಿಕೊಂಡಳು. ಈ ಸಲ ಗುಂಡಿ ಸುಲಭವಾಗಿ ಕೂತಿತು. ಮೇಲಿನ ಮೆಟ್ಟಿಲಿಗೆ ಹೋಗಿ, ಇಡೀ ಬೀದಿಗೆ ಕೇಳುವ ಹಾಗೆ ಓದತೊಡಗಿದಳು.

ಸೀಮೆಸುಣ್ಣದಲ್ಲಿ ಗೆರೆ ಎಳೆದವಳು ಯಾರೆಂಬುದರಿಂದ ಶುರು ಮಾಡಿದಳು. ಏಳು ವರ್ಷ, ಒಂದೂ ದಿನ ತಪ್ಪದ ಅಳತೆ. ಮೊದಲ ವರದಿಯಲ್ಲಾದ ತಪ್ಪು, ಚುಕ್ಕಿಯನ್ನು ನೊಣವೆಂದುಕೊಂಡ ತಮ್ಮವರ ತಪ್ಪೂ ಸೇರಿ. ಬೇಸಿಗೆಯ ಮುಂಜಾನೆಗಳಲ್ಲಿ ನೀರು ಎಂದೂ ನಾಲ್ಕಿಂಚಿಗಿಂತ ಕೆಳಗಿಳಿದಿಲ್ಲ. ಎಲೆ ಉದುರಿದಾಗ ಮಳೆಯಿಲ್ಲದೆ ಬೆಳೆದಿದೆ. ಈ ಹಾಳೆಗಳನ್ನು ನೋಡಿ ಮುಗಿಸುವವರೆಗೆ ಚಪ್ಪಡಿ ಇಳಿಸುವುದಿಲ್ಲವೆಂದು ನಗರ ಕಚೇರಿ ಬರೆದುಕೊಟ್ಟಿದೆ.

"ಈ ತೊರೆಗೆ ಸ್ವಂತ ನೀರಿದೆ," ಎಂದು ಓದಿದಳು. ಒಂದು ಗಳಿಗೆ ನಿಂತು, ಮತ್ತೊಮ್ಮೆ ಓದಿದಳು.

ಟೇಪಕ್ಕ ಕೆಳಗಿನ ಮೆಟ್ಟಿಲಲ್ಲೇ ಕೂತು ಕೇಳಿದಳು. ಕೊರಳಿನ ಟೇಪಿನ ತುದಿ ಇನ್ನೂ ಒದ್ದೆಯಿತ್ತು. ಮೈ ಕೊಟ್ಟು ನಿಲ್ಲದವರಿಗೂ ಅಳತೆಯುಂಟು, ಅಜ್ಜೀ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಅಜ್ಜಿ ಈಗಲೂ ನಿದ್ದೆಯಲ್ಲಿರಬಹುದು, ಇರಲಿ.

ಹುಡುಗಿ ಹಾಳೆಯ ಕಟ್ಟಕಡೆಯ ಸಾಲಿಗೆ ಬಂದಿದ್ದಳು.

"ಇವತ್ತು ಮುಂಜಾನೆ," ಅವಳು ಓದಿದಳು, "ನಾಲ್ಕೂಕಾಲು ಇಂಚು. ಚುಕ್ಕಿ."