ಗುಂಗುರಿಯ ಸೋದರತ್ತೆ

ಆ ಮನೆತನದ ಮಕ್ಕಳಿಗೆ ಇಂದಿಗೂ ಗುಂಗುರು ಕೂದಲು. ಅದು ಬಂದದ್ದು ಒಬ್ಬ ಬಡಗಿಯಿಂದ.

ಬೇಕರಿಯಲ್ಲಿ ಹಿಟ್ಟು ನಾದುವ ಮರದ ತೊಟ್ಟಿ ಸೀಳಿತ್ತು. ಸರಿಮಾಡಲು ಬಂದವನು ಹಡಗುಕಟ್ಟೆಯ ಕಪ್ಪು ಬಡಗಿ. ಅರ್ಧ ದಿನದ ಕೆಲಸವನ್ನು ವಾರವಿಡೀ ಎಳೆದ.

"ಹೀಗೆ ಕೆಲಸ ಮಾಡಿದ್ರೆ ಹೊಟ್ಟೆಗೇನು ತಿಂತೀರಿ?" ಎಂದು ಬೇಕರಿಯವನ ತಂಗಿ ಛೇಡಿಸಿದಳು.

"ನೀವು ಕೊಡೋ ಬನ್ನು," ಎಂದ.

ಅವಳಿಗೆ ನಗು ಉಕ್ಕಿತು. ಆ ನಗುವೇ ಮುಂದೆ ಪ್ರೀತಿಯಾಯಿತು.

ಬೀದಿಯ ಯಾವ ಬದಿಯಲ್ಲಿ ನಡೆಯಬೇಕೆಂಬುದನ್ನೂ ಚರ್ಮದ ಬಣ್ಣ ನಿರ್ಧರಿಸುತ್ತಿದ್ದ ಕಾಲವದು. ಬಿಳಿಯ ಹೆಣ್ಣು ಕಪ್ಪು ಗಂಡನ್ನು ಕಟ್ಟಿಕೊಂಡರೆ ಇಬ್ಬರಿಗೂ ಜೈಲು. ಸುದ್ದಿ ಕಿವಿಗೆ ಬಿದ್ದಾಗ ಅಣ್ಣ ಕೆಂಡವಾದ. ಪೊಲೀಸರಿಗೆ ಹೇಳಲಿಲ್ಲ, ಅದೇ ಪುಣ್ಯ. ಬಡಗಿಯನ್ನು ಹೆದರಿಸಿ, ಹೊರಟು ನಿಂತಿದ್ದ ಹಡಗಿಗೆ ಹತ್ತಿಸಿಬಿಟ್ಟ.

ಅವಳು ಬಸುರಿಯೆಂದು ಗೊತ್ತಾದದ್ದು ಆಮೇಲೆ.

ಮಕ್ಕಳಿಲ್ಲದ ಅತ್ತಿಗೆ ಅವಳನ್ನು ತನ್ನ ತವರಿಗೆ ಕರೆದೊಯ್ದು, ಹೆರಿಗೆ ಮಾಡಿಸಿ, ಕೂಸನ್ನು ತಾನೇ ಎತ್ತಿಕೊಂಡು ಬಂದಳು. "ನನ್ನ ಮಗಳು ಅಂತಾನೇ ಸಾಕ್ತೀನಿ. ನೀನು ಮಾತ್ರ ಬಾಯಿ ಬಿಡಬೇಡ ಕಣೇ," ಎಂದಳು. ಹೆತ್ತವಳು ಸೋದರತ್ತೆಯಾದಳು.

ಮಗುವಿನ ಬಣ್ಣ ಹೇಗೋ ಮನೆಯವರಲ್ಲಿ ಬೆರೆತುಹೋಯಿತು. ಕೂದಲು ಮಾತ್ರ ಹಟಮಾರಿ. ಮನೆಯವರೆಲ್ಲ ಗುಂಗುರಿ ಎಂದೇ ಕರೆದರು. ಸೋದರತ್ತೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ, ಎಳೆದೆಳೆದು ಜಡೆ ಹಾಕುವಳು.

"ನೋಯತ್ತೆ ಅತ್ತೇ!"

"ಸ್ವಲ್ಪ ತಡ್ಕೋ ಪುಟ್ಟಿ," ಎನ್ನುತ್ತ ಆ ನೆತ್ತಿಗೆ ಮುತ್ತಿಡುವಳು. ಅಷ್ಟೇ ಅವಳ ಪಾಲಿನ ತಾಯ್ತನ.

ಗುಂಗುರಿಗೆ ಮೇಷ್ಟರ ಮಗನೊಂದಿಗೆ ಮದುವೆ ಗೊತ್ತಾಗಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ, ಅಂಗಡಿಯ ಮುಂದೆ ಬಡಗಿ ನಿಂತಿದ್ದ. ತಲೆ ನರೆತಿತ್ತು.

"ಎಷ್ಟೋ ಸಲ ಬರೋಕೆ ನೋಡಿದೆ, ಇಲ್ಲಿ ಇಳಿಯೋಕೆ ಬಿಡಲಿಲ್ಲ," ಎಂದ. "ನಾನಿರೋ ಕಡೆ ನಮ್ಮನ್ನ ಯಾರೂ ಕೇಳಲ್ಲ. ಮನೆ ಕಟ್ಟಿದೀನಿ. ಬಾ."

ಅಷ್ಟರಲ್ಲಿ ಗುಂಗುರಿ ಬಿಸಿ ಬನ್ನಿನ ತಟ್ಟೆ ಹಿಡಿದು ಬಂದು, ಇಟ್ಟು, ಒಳಗೆ ಹೋದಳು. ಅವನು ಆ ಕೂದಲನ್ನೇ ನೋಡಿದ.

"ಇವಳು..."

"ನಮ್ಮಣ್ಣನ ಮಗಳು," ಎಂದಳು. ಆಮೇಲೆ ದನಿ ತಗ್ಗಿಸಿ, "ನಾನು ನಿನ್ನ ಜೊತೆ ಬಂದ್ರೆ ಊರು ಅವಳ ಕೂದಲು ನೋಡತ್ತೆ. ಮದುವೆ ಮುರಿಯತ್ತೆ. ಅವಳು ಬೀದಿಯ ಆ ಬದಿಗೆ ಹೋಗ್ಬೇಕಾಗತ್ತೆ."

ಅವನು ಕಣ್ಣೊರೆಸಿಕೊಂಡ. "ನಾನಂತೂ ಈ ಊರಲ್ಲಿದ್ದಷ್ಟು ದಿನ ಆ ಬದೀಲೇ ನಡೆದೆ. ಅವಳಿಗೆ ಬೇಡ ಬಿಡು," ಎಂದು ಹೊರಟುಹೋದ.

ಮದುವೆಯಲ್ಲಿ ಅಣ್ಣ ಅತ್ತಿಗೆ ಮುಂದೆ ನಿಂತು ಹರಸಿದರು. ಅವಳು ಹಿಂದೆ, ಬಡಿಸುವವರ ಸಾಲಿನಲ್ಲಿದ್ದಳು. ಗುಂಗುರಿ ತನ್ನ ತಾಯಿಯೆಂದೇ ತಿಳಿದಿದ್ದ ಅತ್ತಿಗೆಯನ್ನು ತಬ್ಬಿ ಬಿಕ್ಕಿ ಬಿಕ್ಕಿ ಅತ್ತಳು. ಸೋದರತ್ತೆಯ ಕೈ ಒತ್ತಿ, "ಬರ್ತೀನಿ ಅತ್ತೆ," ಎಂದು ಗಾಡಿ ಹತ್ತಿದಳು.

ಬಡಗಿಯ ಹಡಗು ಅಂದೇ ಹೊರಡುವುದೆಂದು ಸೋದರತ್ತೆ ಕೇಳಿದ್ದಳು. ಗಾಡಿ ಮರೆಯಾದದ್ದೇ ತಡ, ದೂರದಿಂದಲಾದರೂ ಒಮ್ಮೆ ಅವನನ್ನು ನೋಡಿ ಬರೋಣವೆಂದು ಹಡಗುಕಟ್ಟೆಗೆ ಓಡಿದಳು.

"ಆ ಹಡಗು ಆಗಲೇ ಹೋಯ್ತಲ್ಲಮ್ಮ," ಎಂದ ಹಮಾಲಿಯೊಬ್ಬ.

ಅಲ್ಲೇ ಹಗ್ಗದ ಸುರುಳಿಯ ಮೇಲೆ ಕುಸಿದಳು. ಹುಡುಕುತ್ತ ಬಂದ ಅತ್ತಿಗೆ ಪಕ್ಕದಲ್ಲಿ ಕೂತು, ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ಆಗ ಅವಳು ಬಾಯಿಬಿಟ್ಟು ಅತ್ತಳು.