ಎಡೆಯ ಸೋರೆಕಾಯಿ

ಕೆಂಭಾವಿ ಸಂತೆಯಲ್ಲಿ ಬಸವೇಶ್ವರಿ ಆರಿಸಿ ತಂದ ಸೋರೆಕಾಯಿ ಎಳೆಯದು, ಉಗುರು ತಾಗಿದರೆ ನೀರೊಡೆಯುವಂಥದು. ಬೇರೆ ದಿನವಾಗಿದ್ದರೆ ಹೆಚ್ಚುವಾಗಲೇ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದಳು. ಆದರೆ ಇವತ್ತು ಶ್ರಾವಣ ಸೋಮವಾರ. ಎಡೆಗೆ ಮೊದಲು ಅಡುಗೆಯ ರುಚಿ ನೋಡುವುದು ಈ ಮನೆಯಲ್ಲಿ ಮಹಾಪಾಪ. ಮೊದಲ ರುಚಿ ದೇವರದು; ದೇವರೇನು ಕಹಿಯೆಂದು ಬಾಯಿಬಿಟ್ಟು ಹೇಳುತ್ತಾನೆಯೇ?

ಎಡೆಯಾಯಿತು. ಅತ್ತೆ ಶಿವಬಸಮ್ಮ ಪಡಸಾಲೆಯಲ್ಲಿ ಉಣ್ಣಲು ಕೂತರು. ಒಳಗೆ ಸೌಟಿಗೆ ಅಂಟಿದ್ದ ಪಲ್ಯವನ್ನು ಬೆರಳಿನಿಂದ ನೆಕ್ಕಿದ ಬಸವೇಶ್ವರಿಯ ನಾಲಿಗೆ ಸೆಟೆದುಕೊಂಡಿತು. ಬೇವೂ ಇಷ್ಟು ಕಹಿ ಇರುವುದಿಲ್ಲ. ಕಹಿ ಸೋರೆ ವಿಷವೆಂಬುದು ಅವಳಿಗೆ ಗೊತ್ತು. ತವರಿನ ಓಣಿಯಲ್ಲಿ ಅದನ್ನು ಉಂಡವನೊಬ್ಬ ರಕ್ತ ಕಾರಿಕೊಂಡಿದ್ದ. ಸೌಟು ಬಿಟ್ಟು ಹೊರಗೋಡಿದಳು.

ತಟ್ಟೆ ಖಾಲಿಯಾಗಿತ್ತು. ಅತ್ತೆ ಅದಕ್ಕೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಪ್ರಸಾದ ಒಂದಿಷ್ಟೂ ಉಳಿಯಬಾರದೆಂದು ಆ ನೀರನ್ನೂ ಕುಡಿಯುತ್ತಿದ್ದರು.

"ಅತ್ತಿ, ಕಹಿ ಹತ್ತಲಿಲ್ಲೇನ್ರಿ?"

"ಹತ್ತಿತು. ಪ್ರಸಾದಕ್ಕ ಯಾರರ ಹೆಸರಿಡ್ತಾರೇನ?"

"ಅದು ವಿಷ ಐತ್ರಿ! ಏಳ್ರಿ, ದವಾಖಾನಿಗೆ ಹೋಗೂಣು!" ಬಸವೇಶ್ವರಿ ಗಂಡನಿಗೆ ಫೋನ್ ಹಚ್ಚಿದಳು.

"ಇಷ್ಟಲಿಂಗಕ್ಕ ಎಡಿ ಹಿಡಿದದ್ದು ವಿಷ ಹೆಂಗಾಗ್ತದ, ಹುಚ್ಚಿ?" ಶಿವಬಸಮ್ಮ ನಕ್ಕರು. ಹಣೆಯ ಮೇಲೆ ಆಗಲೇ ಬೆವರೊಡೆದಿತ್ತು. "ಉಣ್ಣಾಕ ಕೂಡೂಕಿಂತ ಮೊದಲ ಬಾಜೂ ಮನಿ ಭಾಗ್ಯಾಗೂ ಒಂದು ಬಟ್ಟಲ ಕೊಟ್ಟು ಬಂದೀನಿ. ಬಸುರಿ, ಪ್ರಸಾದ ಉಣ್ಲಿ ಅಂತ. ಚಿಂತಿ ಮಾಡಬ್ಯಾಡ, ಆಕೀನೂ ಒಂದು ತುತ್ತು ಬಿಡಂಗಿಲ್ಲ."